ಅಕ್ಬರನ ಗೋರಿಗೆ ಗುಮ್ಮಟ ಯಾಕೆ ಬೇಕು?

ಆಗ್ರಾಕ್ಕೆ ಹೋಗಿ ಬಂದವರ ಫೋಟೋಗಳಲ್ಲಿ ತಾಜ್ ಇರುತ್ತದೆ, ಕೋಟೆ ಇರುತ್ತದೆ, ಪೇಠಾ ಡಬ್ಬವೂ ಇರುತ್ತದೆ. ಸಿಕಂದ್ರಾ ಮಾತ್ರ ಇರುವುದಿಲ್ಲ. ಅಲ್ಲೇ ಊರ ಹೊರಗೆ, ದೆಹಲಿ ರಸ್ತೆಯಲ್ಲೇ ಇದೆ ಅಕ್ಬರನ ಗೋರಿ. ಹೋದವರೂ ಕೆಲವರು "ಏನೋ ಅರ್ಧಕ್ಕೆ ಬಿಟ್ಟ ಹಾಗಿದೆ, ಗುಮ್ಮಟವೇ ಇಲ್ಲ" ಅಂತ ಮೂಗು ಮುರಿಯುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಅಕ್ಬರ್ ತೀರಿಕೊಂಡದ್ದು 1605ರಲ್ಲಿ. ಅವನು ಬದುಕಿದ್ದಾಗಲೇ ಅಲಹಾಬಾದಿನಲ್ಲಿ ಕೂತು ದಂಗೆ ಎದ್ದಿದ್ದ ಮಗ ಜಹಾಂಗೀರ್, 1608ರಲ್ಲಿ ಗೋರಿ ನೋಡೋಕೆ ಬಂದ. ಕೆಲಸದವರು ತಮಗೆ ತೋಚಿದ ಹಾಗೆ ಕಟ್ಟಿದ್ದಾರೆ ಅಂತ ಸಿಟ್ಟಾಗಿ ಕೆಲವು ಭಾಗ ಕೆಡವಿಸಿದ. ಇದನ್ನು ತನ್ನ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ, 15 ಲಕ್ಷ ರೂಪಾಯಿ ಖರ್ಚಿನ ಲೆಕ್ಕವನ್ನೂ ಕೊಟ್ಟಿದ್ದಾನೆ. ಕಟ್ಟಡ ಮುಗಿದದ್ದು 1613ರ ಹೊತ್ತಿಗೆ. ಹಾಗಾಗಿ ಅದರಲ್ಲಿ ಎರಡು ಮನಸ್ಸು ಕಾಣುವುದು ನಿಜ. ಕೆಳಗೆ ದಪ್ಪ ಕಮಾನುಗಳ ಸಾಲು, ಅದರ ಮೇಲೆ ಫತೇಪುರ ಸಿಕ್ರಿಯ ಐದಂತಸ್ತಿನ ಪಂಚಮಹಲ್ ಥರ ಕೆಂಪು ಕಲ್ಲಿನ ಕಂಬ, ಛತ್ರಿಗಳ (ಕೊಡೆಯಾಕಾರದ ಪುಟ್ಟ ಮಂಟಪಗಳ) ಅಂತಸ್ತುಗಳು, ಎಲ್ಲಕ್ಕಿಂತ ಮೇಲೆ ಇದ್ದಕ್ಕಿದ್ದಂತೆ ಬಿಳಿ ಅಮೃತಶಿಲೆ.

ಆ ಮೇಲಿನ ಅಂತಸ್ತಿಗೆ ಚಾವಣಿಯೇ ಇಲ್ಲ. ಸುತ್ತ ಕಲ್ಲಿನ ಜಾಲರಿ, ನಡುವೆ ಒಂದೇ ಕಲ್ಲಿನಲ್ಲಿ ಕೊರೆದ ಸಾಂಕೇತಿಕ ಸಮಾಧಿ, ಅದರ ಮೇಲೆ ದೇವರ 99 ಹೆಸರು, ಮೇಲೆ ಬರೀ ಆಕಾಶ. ನಿಜವಾದ ಗೋರಿ ಕೆಳಗೆ, ಒಂದು ಅಲಂಕಾರವೂ ಇಲ್ಲದ ಕತ್ತಲೆ ಕೋಣೆಯಲ್ಲಿದೆ. ಕೆಲಸ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿದ್ದ ಇಂಗ್ಲಿಷ್ ವ್ಯಾಪಾರಿ ವಿಲಿಯಂ ಫಿಂಚ್, ಮೇಲೆ ಅಮೃತಶಿಲೆಯ ಚಾವಣಿ ಬರಲಿದೆ ಅಂತ ಬರೆದಿದ್ದ. ಅರ್ಧಕ್ಕೆ ನಿಂತ ಕಥೆಗೆ ಅದೇ ದೊಡ್ಡ ಆಧಾರ. ಇರಬಹುದು. ಆದರೆ ಉಳಿದ ಮೊಘಲ್ ದೊರೆಗಳನ್ನೂ ನೋಡಿ. ಕಾಬೂಲಿನಲ್ಲಿ ಬಾಬರ್ ಮಲಗಿರುವುದು ಬಯಲಿನಲ್ಲೇ. ಲಾಹೋರಿನ ಶಾಹದರಾದಲ್ಲಿ ಜಹಾಂಗೀರನ ಗೋರಿಗೂ ಗುಮ್ಮಟವಿಲ್ಲ. ಖುಲ್ದಾಬಾದಿನ ಔರಂಗಜೇಬನದಂತೂ ಬರೀ ಮಣ್ಣು. ದೊಡ್ಡ ಗುಮ್ಮಟದ ಕೆಳಗಿರುವುದು ಹುಮಾಯೂನ್, ಆಮೇಲೆ ಮುಮ್ತಾಜ್ ಪಕ್ಕದಲ್ಲಿ ಷಹಜಹಾನ್. ಹಾಗಿದ್ದ ಮೇಲೆ ಗುಮ್ಮಟ ಇಲ್ಲದ್ದನ್ನು ಕೊರತೆ ಅಂತ ಯಾಕೆ ಲೆಕ್ಕ ಹಾಕಬೇಕು? (ಗೋಲಗುಮ್ಮಟಕ್ಕೆ ಶಾಲಾ ಪ್ರವಾಸ ಹೋಗಿ ಬೆಳೆದ ನಮಗೆ ಗೋರಿ ಅಂದರೆ ಗುಮ್ಮಟವೇ ಕಣ್ಣಿಗೆ ಬರುತ್ತೆ, ಅಲ್ವಾ!)

ತಾಜ್‌ನ ಅಭಿಮಾನಿಗಳಿಗೆ ಇನ್ನೊಂದು ಮಾತು. ಸಿಕಂದ್ರಾದ ದಕ್ಷಿಣ ಬಾಗಿಲಿನ ಮೇಲೆ ನಾಲ್ಕು ಬಿಳಿ ಮಿನಾರುಗಳಿವೆ, ತಾಜ್‌ಗಿಂತ ಎಷ್ಟೋ ವರ್ಷ ಮೊದಲಿನವು. ಅದೇ ಬಾಗಿಲಿನ ಅಕ್ಷರ ಬರೆದ ಅಬ್ದುಲ್ ಹಕ್ ಶಿರಾಜಿಯೇ ಮುಂದೆ ಅಮಾನತ್ ಖಾನ್ ಅನ್ನೋ ಬಿರುದು ಪಡೆದು ತಾಜ್‌ನ ಅಕ್ಷರಗಳನ್ನೂ ಬರೆದ. 17ನೇ ಶತಮಾನದ ಕೊನೆಯಲ್ಲಿ ಜಾಟರು ಈ ಗೋರಿಯನ್ನು ಲೂಟಿ ಮಾಡಿದರು, ಮಿನಾರುಗಳ ತುದಿಯೂ ಎಷ್ಟೋ ಕಾಲ ಮುರಿದೇ ಇತ್ತು. ಬ್ರಿಟಿಷರ ಕಾಲದಲ್ಲಿ ರಿಪೇರಿಯಾಯಿತು.

ನನ್ನ ತಕರಾರು ಒಂದೇ. ಆ ಬಿಳಿ ಅಂಗಳಕ್ಕೆ ಸಾಮಾನ್ಯ ಜನರನ್ನು ಹತ್ತಿಸುವುದಿಲ್ಲ. ಹಳೇ ಕಟ್ಟಡ, ಕಡಿದಾದ ಮೆಟ್ಟಿಲು, ಕಾರಣ ಅರ್ಥವಾಗುತ್ತದೆ. ಆದರೆ ಕೆಳಗೆ ಒಂದು ದೊಡ್ಡ ಫೋಟೋನೋ, ಒಳ್ಳೆ ಮಾದರಿಯೋ ಇಟ್ಟರೆ ಏನು ಕಷ್ಟ? ಕಟ್ಟಡದ ಮುಖ್ಯ ಭಾಗವನ್ನೇ ನೋಡದೆ ವಾಪಸ್ ಬಂದವರು ಅರ್ಧಕ್ಕೆ ಬಿಟ್ಟಿದ್ದಾರೆ ಅನ್ನದೆ ಇನ್ನೇನು ಅಂದಾರು?