ಸೂಜಿ ಯಾರ ಕೈಯಲ್ಲಿದ್ದರೇನು?

ಹೆಂಡತಿಯ ಹೊಟ್ಟೆಗೆ ಮೊದಲ ಸಲ ಸೂಜಿ ಚುಚ್ಚುವಾಗ ಉಸಿರು ಬಿಗಿಹಿಡಿದದ್ದು ಅವಳಲ್ಲ, ನಾನು. ಮಗುವಿಗಾಗಿ ಐವಿಎಫ್ ಮಾಡಿಸುತ್ತಿದ್ದೆವು, ಅಂದರೆ ಮೊಟ್ಟೆ ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯದ ಜೊತೆ ಸೇರಿಸುವ ಚಿಕಿತ್ಸೆ. ನಾವಿದ್ದ ಹೊರದೇಶದ ಆಸ್ಪತ್ರೆಯವರು ಒಮ್ಮೆ ಕೂರಿಸಿ ಕಲಿಸಿ, ಔಷಧದ ಚೀಲ ಕೈಗಿಟ್ಟು ಕಳಿಸಿಬಿಟ್ಟಿದ್ದರು. ಪೆನ್ನಿನಂಥ ಇಂಜೆಕ್ಷನ್ನಿನ ಹಿಂಬದಿ ತಿರುಗಿಸಿ ಡೋಸ್ ಇಡಬೇಕು. ಹೊಕ್ಕುಳಿಂದ ಸ್ವಲ್ಪ ಆಚೆ ಚರ್ಮ ಹಿಡಿದು ಚುಚ್ಚಬೇಕು. ಹತ್ತು ಎಣಿಸಿ ಸೂಜಿ ತೆಗೆಯಬೇಕು. ನಾಳೆ ಇನ್ನೊಂದು ಪಕ್ಕ.

ಅದೇ ವರ್ಷ ಊರಲ್ಲಿ ತಂಗಿಗೂ ಐವಿಎಫ್ ಶುರುವಾಗಿತ್ತು. ಅವಳು ದಿನಾ ಆಸ್ಪತ್ರೆಗೆ ಹೋಗಿ ನರ್ಸ್ ಕೈಲಿ ಹಾಕಿಸಿಕೊಳ್ಳುತ್ತಿದ್ದಳು.

"ಯಾವ ಇಂಜೆಕ್ಷನ್ ಕೊಡ್ತಿದ್ದಾರೆ?"

"ಗೊತ್ತಿಲ್ಲ ಅಣ್ಣಾ, ಹಾರ್ಮೋನ್ ಅಂದ್ರು."

ನನಗೆ ಕಿರಿಕಿರಿಯಾದದ್ದು ಇದಕ್ಕೇ. ದಿನಾ ಹೋಗುವುದು ತಪ್ಪಲ್ಲ. ಡೋಸ್ ಸರಿ ಹೋಯ್ತೋ ಇಲ್ವೋ ಅಂತ ನಾವಿಬ್ಬರು ರಾತ್ರಿ ಒದ್ದಾಡಿದಾಗ, ಪಕ್ಕದಲ್ಲೊಬ್ಬ ನರ್ಸ್ ಇದ್ದಿದ್ದರೆ ಅನ್ನಿಸಿತ್ತು. ಆದರೆ ಮೈ ತಂಗಿಯದು, ಒಳಗೆ ಹೋಗುವುದೇನು ಅಂತ ಅವಳಿಗೆ ಗೊತ್ತಿರಬೇಕು, ಅಲ್ವಾ?

ಹೇಳುವುದಕ್ಕೆ ಕಷ್ಟದ ವಿಷಯವೂ ಅಲ್ಲ. ತಿಂಗಳಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಬಲಿಯುತ್ತದೆ. ಮೊಟ್ಟೆ ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಜಾಸ್ತಿ ಕೊಟ್ಟರೆ ಒಟ್ಟಿಗೆ ಹಲವು ಬಲಿಯುತ್ತವೆ. ಹೆಚ್ಚಾಗಿ ಮುಟ್ಟಿನ 2 ಅಥವಾ 3ನೇ ದಿನ ಶುರು, ಸುಮಾರು 8ರಿಂದ 12 ದಿನ. ನಡುನಡುವೆ ಸ್ಕ್ಯಾನ್ ಮಾಡಿ ಡೋಸ್ ಏರಿಸುತ್ತಾರೆ, ಇಳಿಸುತ್ತಾರೆ. ಹೊಟ್ಟೆ ವಿಪರೀತ ಉಬ್ಬಿದರೆ, ಮೂತ್ರ ಕಡಿಮೆಯಾದರೆ, ಉಸಿರಾಡೋಕೆ ಕಷ್ಟವಾದರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಅಂಡಾಶಯ ಅತಿಯಾಗಿ ಕೆರಳಿದ ಲಕ್ಷಣ ಅದು. ಇದೆಲ್ಲ ನಮಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ತಂಗಿಗೆ ಕೊಟ್ಟದ್ದು ಮುಂದಿನ ತಾರೀಖು ಮಾತ್ರ.

ನಾನು ಭಾಷಣ ಬಿಟ್ಟು ಒಂದು ಕಥೆ ಹೇಳಿದೆ. 1960ರ ದಶಕದಲ್ಲಿ ಈ ಔಷಧವನ್ನು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆಯುತ್ತಿದ್ದರು. ಆ ವಯಸ್ಸಿನಲ್ಲಿ ಈ ಹಾರ್ಮೋನು ಮೂತ್ರದಲ್ಲಿ ಹೇರಳ. ಇಟಲಿಯಲ್ಲಿ ಮೂತ್ರ ಕೊಟ್ಟವರು ಕಾನ್ವೆಂಟಿನ ವಯಸ್ಸಾದ ಸನ್ಯಾಸಿನಿಯರು! 1990ರ ದಶಕದಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ ಎಫ್‌ಎಸ್‌ಎಚ್ ಬಂತು. ಮೂತ್ರದಿಂದ ತೆಗೆದು ಶುದ್ಧ ಮಾಡಿದ ಎಚ್‌ಎಂಜಿ ಎಂಬ ಔಷಧ ಈಗಲೂ ಬಳಕೆಯಲ್ಲಿದೆ.

"ಛೀ ಅಣ್ಣಾ! ನಂದು ಯಾವುದು?"

ಮಾರನೇ ದಿನ ಸೀಸೆಯ ಫೋಟೋ ಕಳಿಸಿದಳು. ಎಚ್‌ಎಂಜಿ. ನಕ್ಕು ನಕ್ಕು ಸಾಕಾಯಿತು. ಆಮೇಲೆ ಅವಳ ಪ್ರಶ್ನೆ ನಿಲ್ಲಲೇ ಇಲ್ಲ. ಡೋಸ್ ಎಷ್ಟು, ಸ್ಕ್ಯಾನಿನಲ್ಲಿ ಮೊಟ್ಟೆಯ ಚೀಲ ಎಷ್ಟು ಮಿಲಿಮೀಟರ್, ಇವತ್ತು ಯಾಕೆ ಎರಡು ಸೂಜಿ. ನರ್ಸ್ ಬೇಸರವಿಲ್ಲದೆ ಹೇಳಿದರಂತೆ. ಸುಮ್ನೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಕೊನೆಯದು ಟ್ರಿಗರ್, ಅಂದರೆ ಮೊಟ್ಟೆಗಳನ್ನು ಪೂರ್ತಿ ಮಾಗಿಸುವ ಇಂಜೆಕ್ಷನ್, ರಾತ್ರಿ ಹತ್ತೂವರೆಗೆ. ಮೊಟ್ಟೆ ತೆಗೆಯುವುದು ಅದಾಗಿ ಸುಮಾರು 36 ಗಂಟೆಗೆ, ಹೊತ್ತು ತಪ್ಪುವ ಹಾಗಿಲ್ಲ. ಹತ್ತು ಗಂಟೆಗೇ ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು, ಫೋನಿನಲ್ಲಿ ಮೂರು ಅಲಾರಂ ಇಟ್ಟುಕೊಂಡು.