ಬಾವುಟ ಕಟ್ಟಿದರೆ ಬೇರೆ ದೇಶ ಕೇಳಿದ ಹಾಗಾ?

ಮ್ಯೂನಿಕ್‌ನಲ್ಲಿ ನವೆಂಬರ್ 1 ರಜೆ. ಇಲ್ಲಿನವರು ಹಿರಿಯರ ಸಮಾಧಿಗೆ ಹೂವಿಟ್ಟು ಬರುವ ದಿನ. ನಮ್ಮನೆಯಲ್ಲಿ ರಾಜ್ಯೋತ್ಸವ. 2023ರಲ್ಲಿ ಬಾಲ್ಕನಿಗೆ ಹಳದಿ ಕೆಂಪು ಬಾವುಟ ಕಟ್ಟಿ, ಖುಷಿಯಿಂದ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ. ನಮ್ಮ ದೇಶದವರೇ ಆದ ಸಹೋದ್ಯೋಗಿಯೊಬ್ಬರು ಕೂಡಲೇ ಕೇಳಿದರು, "ಯಾಕೆ, ನಿಮಗೆ ಬೇರೆ ದೇಶ ಬೇಕಾ?"

ತುಂಬಾ ಬೇಜಾರಾಯಿತು. ನಿಜವಾಗಲೂ ಬೇರೆ ದೇಶ ಕೇಳುವವರ ಪೋಸ್ಟರನ್ನು ಮೂರ್ನಾಲ್ಕು ವಾರದ ಹಿಂದಷ್ಟೇ ನಮ್ಮ ಬೀದಿಯ ಕಂಬದಲ್ಲಿ ನೋಡಿದ್ದೆ. ಅಕ್ಟೋಬರ್ 8ಕ್ಕೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಚುನಾವಣೆ ಇತ್ತು. ಪೋಸ್ಟರ್ ಬಯರ್ನ್‌ಪಾರ್ಟಾಯ್ ಪಕ್ಷದ್ದು. ಜರ್ಮನಿಯಿಂದ ಬವೇರಿಯಾ ಬೇರೆಯಾಗಬೇಕು ಅನ್ನುವ, 1946ರಲ್ಲಿ ಹುಟ್ಟಿದ ಪಕ್ಷ ಅದು. 1950ರಲ್ಲಿ ಶೇ 17.9 ವೋಟು ತೆಗೆದುಕೊಂಡಿತ್ತು. 1954ರಿಂದ 57ರವರೆಗೆ ಸರ್ಕಾರದಲ್ಲೂ ಇತ್ತು. 1966ರಿಂದ ರಾಜ್ಯದ ಸದನದಲ್ಲಿ ಒಂದು ಸೀಟೂ ಇಲ್ಲ. 2023ರಲ್ಲಿ ಸಿಕ್ಕಿದ್ದು ಶೇ 0.9. ಆದರೂ ಪೋಸ್ಟರ್ ಯಾರೂ ಹರಿಯಲಿಲ್ಲ, ಮಸಿ ಬಳಿಯಲಿಲ್ಲ.

ಕೆಳಗಿನ ಮನೆಯ ಅಜ್ಜನನ್ನು ಕೇಳಿದೆ. "ನಾನು ಅವರಿಗೆ ವೋಟು ಹಾಕಲ್ಲ. ಆದರೆ ನಮ್ಮ ದುಡ್ಡು ಬೇರೆ ರಾಜ್ಯಗಳಿಗೆ ಹೋಗುತ್ತೆ ಅಂತ ಗಟ್ಟಿಯಾಗಿ ಹೇಳೋರು ಯಾರಾದರೂ ಬೇಕಲ್ಲ" ಅಂದರು. ತೆರಿಗೆ ಪಾಲಿನ ಮಾತು ನಮ್ಮೂರಿನ ಕಟ್ಟೆಯಲ್ಲೂ ಹೀಗೇ ಬರುತ್ತೆ. ಅಲ್ಲಿ ಅದನ್ನು ಸ್ವಲ್ಪ ಜೋರಾಗಿ ಆಡಿದರೆ ಸಾಕು, ದೇಶ ಒಡೆಯೋರು ಅಂತಾರೆ. ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿದ್ದಕ್ಕೇ ಆ ಮಾತು ಕೇಳಿಸಿಕೊಂಡವನು ನಾನು.

ಇಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ಜರ್ಮನಿಯ ಬಾವುಟದ ಪಕ್ಕದಲ್ಲೇ ಬವೇರಿಯಾದ ನೀಲಿ ಬಿಳಿ ಬಾವುಟ ಹಾರುತ್ತೆ. ಆ ಬಣ್ಣಗಳು ಅವರ ರಾಜ್ಯದ ಸಂವಿಧಾನದಲ್ಲೇ ಇವೆ. ಅದರಿಂದ ಜರ್ಮನಿಗೆ ಏನು ಕಮ್ಮಿಯಾಯಿತು? 1949ರಲ್ಲಿ ಜರ್ಮನಿಯ ಸಂವಿಧಾನಕ್ಕೇ ಬವೇರಿಯಾದ ಸದನ ಬೇಡ ಅಂದಿತ್ತು, 101 ಜನ ವಿರುದ್ಧ, 63 ಜನ ಪರ. ಬೇರೆ ರಾಜ್ಯಗಳು ಒಪ್ಪಿದರೆ ನಾವೂ ಪಾಲಿಸುತ್ತೇವೆ ಅಂತ ಜೊತೆಗೇ ಹೇಳಿತ್ತು. ಅಸಮಾಧಾನ ಇಟ್ಟುಕೊಂಡೇ ಒಟ್ಟಿಗೆ ಬಾಳಬಹುದು ಅಂತ ನಾನು ಕಲಿತದ್ದು ಈ ಊರಿನಲ್ಲಿ.

ಇಲ್ಲೂ ಎಲ್ಲಕ್ಕೂ ದಾರಿ ಬಿಟ್ಟಿಲ್ಲ, ಅದನ್ನೂ ಹೇಳಬೇಕು. ರಾಜ್ಯಗಳು ಬೇರೆಯಾಗಲು ಸಂವಿಧಾನದಲ್ಲಿ ಜಾಗವಿಲ್ಲ ಅಂತ ಜರ್ಮನಿಯ ಸಂವಿಧಾನ ನ್ಯಾಯಾಲಯ 2016ರಲ್ಲಿ ಹೇಳಿದೆ. ಪಕ್ಷ ಇರಬಹುದು, ವೋಟು ಕೇಳಬಹುದು, ಅಷ್ಟೇ. ನಮ್ಮಲ್ಲಿ 1963ರ ತಿದ್ದುಪಡಿ ಆದಮೇಲೆ ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆ ಕಾಪಾಡುವ ಪ್ರಮಾಣ ಮಾಡಲೇಬೇಕು. ದೇಶ ಒಡೆದೀತು ಅನ್ನುವ ಆ ಭಯ ಸುಮ್ನೆ ಬಂದದ್ದಲ್ಲ. ನಮ್ಮ ತಾತ ರಾಯಚೂರಿನವರು. ಹೈದರಾಬಾದ್ ಭಾರತಕ್ಕೆ ಸೇರದೆ ಬೇರೆಯೇ ಇರಲಿ ಅನ್ನುತ್ತಿದ್ದ ರಜಾಕಾರರ ಕಾಲದಲ್ಲಿ ಮನೆ ಬಿಟ್ಟು ಓಡಿದವರು, 1948ರ ಸೆಪ್ಟೆಂಬರ್‌ನಲ್ಲಿ ಅದು ಭಾರತಕ್ಕೆ ಸೇರಿದಮೇಲೆ ವಾಪಸ್ ಬಂದವರು. ಅವರು ಬದುಕಿದ್ದು ಇಲ್ಲಿಯ ಪೋಸ್ಟರ್ ನೋಡಿದ್ದರೆ ನನ್ನ ಹಾಗೆ ಖುಷಿಪಡುತ್ತಿರಲಿಲ್ಲ.

ನನಗೂ ಬೇರೆ ದೇಶ ಬೇಡ. ಆದರೆ ನಾಡಿಗೊಂದು ಬಾವುಟ ಬೇಕು ಅಂತ ಕರ್ನಾಟಕ ಸರ್ಕಾರ 2018ರಲ್ಲಿ ಒಪ್ಪಿ ದೆಹಲಿಗೆ ಕಳಿಸಿದೆ. ಹಳದಿ, ಬಿಳಿ, ಕೆಂಪು, ನಡುವೆ ಗಂಡಭೇರುಂಡ. ಆ ಕಾಗದಕ್ಕೆ ದೆಹಲಿ ಹೂಂ ಅನ್ನಲಿ.