ತಿದ್ದುಪಡಿ: ಕಾಗದಪತ್ರ ಇಲ್ಲದ ವಲಸೆ ಕುಟುಂಬದ ಮಗುವಿಗೂ ಚಿಕಿತ್ಸೆಯ ಹಕ್ಕಿದೆ

"ಅಪ್ಪ-ಅಮ್ಮನ ಕಾಗದಪತ್ರ ಸರಿಯಿಲ್ಲದಿದ್ದರೆ ಮಗುವಿಗೆ ಚಿಕಿತ್ಸೆ ಕೇಳುವ ಹಕ್ಕಿಲ್ಲ, ವಿಶ್ವಸಂಸ್ಥೆಯ ಒಪ್ಪಂದದಲ್ಲೇ ಹಾಗಿದೆ" ಎಂಬ ಮೆಸೇಜ್ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಓದದೆ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಆಮೇಲೆ ಕೂತು ಒಪ್ಪಂದ ಓದಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಅದು. ಅದರ 2ನೇ ವಿಧಿ ಹೇಳುವುದು ಪೂರ್ತಿ ಉಲ್ಟಾ. ದೇಶದ ವ್ಯಾಪ್ತಿಯಲ್ಲಿರುವ ಪ್ರತಿ ಮಗುವಿಗೂ ಈ ಹಕ್ಕುಗಳಿವೆ. ಮಗುವಿನದಾಗಲಿ, ಹೆತ್ತವರದಾಗಲಿ, ಮೂಲ, ಆಸ್ತಿ, ಹುಟ್ಟು ನೋಡಿ ಭೇದ ಮಾಡುವಂತಿಲ್ಲ. 'ನಮ್ಮ ನಾಗರಿಕರ ಮಕ್ಕಳಿಗೆ ಮಾತ್ರ' ಎಂಬ ಸಾಲು ಅಲ್ಲಿಲ್ಲ. 24ನೇ ವಿಧಿ ಆರೋಗ್ಯದ್ದು: ಯಾವ ಮಗುವಿಗೂ ಆರೋಗ್ಯ ಸೇವೆ ತಪ್ಪದಂತೆ ಸರ್ಕಾರಗಳು ಪ್ರಯತ್ನಿಸಬೇಕು. ಮೈ ಸುಡುವ ಜ್ವರದ ಮಗುವಿಗೆ ವೀಸಾ ಅಂದ್ರೆ ಏನು ಗೊತ್ತು, ಅಲ್ವಾ?

ಆ ಮೆಸೇಜ್‌ಗೆ ಉತ್ತರವಾಗಿ ಕೆಲವರು 'ಎಲ್ಲ ಚಿಕಿತ್ಸೆಯೂ ಉಚಿತ' ಅಂತ ಬರೆಯುತ್ತಿದ್ದಾರೆ. ಅದೂ ಸರಿಯಲ್ಲ. ಒಡಂಬಡಿಕೆಯಲ್ಲಿ ಹಾಗೆ ಹೇಳಿಲ್ಲ. ಖರ್ಚು ಯಾರದು ಎಂಬುದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ.

ನಾನು ಕಳಿಸಿದ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ಅಳಿಸಿಬಿಡಿ. ಇನ್ನು ಮುಂದೆ ಯಾರಿಗೂ ಕಳಿಸಬೇಡಿ.